ಮಣ್ಣಿನಿಂದ ಕಿತ್ತ ಒಲೆ

ನಾನು ಹುಟ್ಟಿ ಬೆಳೆದದ್ದು ಮಂಡ್ಯ ಪೇಟೆಯಲ್ಲಿ. ಅಪ್ಪ ಹೈಸ್ಕೂಲು ಮೇಷ್ಟ್ರು. ನಮ್ಮ ಮನೆಯಲ್ಲಿ ಎರಡು ಹೊತ್ತೂ ಅನ್ನ. ರಾಗಿಮುದ್ದೆಯನ್ನು ನಾನು ಮೊದಲು ತಿಂದದ್ದು ಕಾಲೇಜಿಗೆ ಸೇರಿದ ಮೇಲೆ, ಗೆಳತಿಯೊಬ್ಬಳ ಮನೆಯಲ್ಲಿ. ಅದನ್ನು ಅಗಿಯಬಾರದು, ನುಂಗಬೇಕು ಎಂದು ಅವಳ ಅಜ್ಜಿ ನಗುತ್ತಾ ಹೇಳಿಕೊಟ್ಟಿದ್ದರು. ಮುದ್ದೆ ತಿರುವುವುದನ್ನು ಮಾತ್ರ ನಾನು ಈವರೆಗೂ ಕಲಿತಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ಯಾಕೆಂದರೆ ಇಪ್ಪತ್ತಾರನೆಯ ವಯಸ್ಸಿನಲ್ಲಿ ನನಗೆ ಸಿಕ್ಕ ಮೊದಲ ಕೆಲಸವೇ, ದಿನಕ್ಕೆರಡು ಸಲ ಮುದ್ದೆ ತಿರುವುವ ಹೆಂಗಸರಿಗೆ ಒಲೆ ಉರಿಸುವುದು ಹೇಗೆಂದು ಹೇಳಿಕೊಡುವುದಾಗಿತ್ತು.

ಯುರೋಪಿನ ಒಂದು ಕಂಪನಿ ಹೊಗೆ ಕಡಿಮೆ ಮಾಡುವ ತಗಡಿನ ಒಲೆಯೊಂದನ್ನು ತಯಾರಿಸಿತ್ತು. ಅಲ್ಲಿನ ಸರ್ಕಾರ ಬಡ ದೇಶಗಳಿಗೆಂದು ಎತ್ತಿಟ್ಟ ನೆರವಿನ ಹಣ ಅದರ ಬೆನ್ನಿಗಿತ್ತು. ಬಡವರಿಗೆ ದಾನ ಕೊಡಬಾರದು, ಅವರನ್ನು ಗಿರಾಕಿಗಳೆಂದು ಗೌರವಿಸಬೇಕು, ಅವರಲ್ಲೇ ಒಬ್ಬರನ್ನು ವ್ಯಾಪಾರಕ್ಕಿಳಿಸಬೇಕು ಎಂಬುದು ಆ ಕಂಪನಿಯವರ ನಂಬಿಕೆ. ನನಗೂ ಅದು ಹಿಡಿಸಿತ್ತು. ಅದರಲ್ಲಿ ತಪ್ಪೇನಿದೆ ಎಂದು ಈಗಲೂ ಒಂದೇ ಮಾತಿನಲ್ಲಿ ಹೇಳಲಾರೆ. ಮಂಡ್ಯದಲ್ಲಿದ್ದ ನಮ್ಮ ಸಂಸ್ಥೆ ಊರಿಗೊಬ್ಬ ಹೆಂಗಸನ್ನು ಆರಿಸಿ, 'ಗ್ರಾಮ ಉದ್ಯಮಿ' ಎಂದು ಹೆಸರಿಟ್ಟು, ಕೊರಳಿಗೊಂದು ಗುರುತಿನ ಚೀಟಿ ಹಾಕಿ, ಅವಳ ಕೈಯಿಂದ ಅಕ್ಕಪಕ್ಕದವರಿಗೆ ಒಲೆ ಮಾರಿಸುತ್ತಿತ್ತು. ಮದ್ದೂರು ಮತ್ತು ಮಳವಳ್ಳಿ ತಾಲ್ಲೂಕುಗಳಿಗೆ ನಾನು ಸಂಯೋಜಕಿ.

ಆ ಉದ್ಯಮಿಗಳಲ್ಲಿ ನಾನು ಅಕ್ಕ ಎಂದೇ ಕರೆಯುತ್ತಿದ್ದ ಒಬ್ಬರ ಬಗ್ಗೆ ಹೇಳಬೇಕು. ಅವರ ಊರು ಭಾರತೀನಗರದಿಂದ ಮಳವಳ್ಳಿಯ ಕಡೆಗೆ ಬಸ್ಸಿನಲ್ಲಿ ಇಪ್ಪತ್ತು ನಿಮಿಷ. ಅಲ್ಲಿಯವರು ಭಾರತೀನಗರವನ್ನು ದೊಡ್ಡಿ ಎಂದೇ ಕರೆಯುವುದು. ಅಕ್ಕನಿಗೆ ಆಗ ನಲವತ್ತರ ಆಸುಪಾಸು. ಗಂಡ ಸೋಮನಹಳ್ಳಿಯ ಸಣ್ಣ ಕಾರ್ಖಾನೆಯೊಂದಕ್ಕೆ ಬೆಳಗಿನ ಮೊದಲ ಬಸ್ಸಿಗೆ ಹೋಗುತ್ತಿದ್ದರು. ಮಗಳು ದೊಡ್ಡಿಯ ಕಾಲೇಜಿನಲ್ಲಿ ಪಿಯುಸಿ. ಮನೆಯಲ್ಲಿ ಅತ್ತೆ, ಎರಡು ಎಮ್ಮೆ. ಅಕ್ಕನ ಮಾತು ಖಡಕ್ಕು. ಊರಿನಲ್ಲಿ ಅವರು ಹೇಳಿದರೆ ಹತ್ತು ಮನೆಯವರು ಕೇಳುತ್ತಿದ್ದರು. ಅದಕ್ಕೇ ನಾನು ಅವರನ್ನು ಆರಿಸಿದ್ದು. ಮೊದಲ ಎರಡು ತಿಂಗಳಲ್ಲೇ ಹದಿನಾಲ್ಕು ಒಲೆ ಮಾರಿದರು. ಹೆಂಗಸರು ಕೊಂಡದ್ದು ಕಂಪನಿಯ ಮೇಲಿನ ನಂಬಿಕೆಯಿಂದಲ್ಲ, ಅಕ್ಕನ ಮುಖ ನೋಡಿ.

ಮೂರನೇ ತಿಂಗಳು ಹೋದಾಗ ಅಕ್ಕ ಬಾಗಿಲಲ್ಲೇ ತಡೆದು ನಿಲ್ಲಿಸಿದರು.

"ಮೇಡಮ್ಮೋರೆ, ನಿಮ್ಮೊಲೆ ನಿಲ್ಲಕಿಲ್ವಲ್ಲ. ಅನ್ನ ಬೇಯ್ತದೆ, ಸಾರು ಕುದೀತದೆ. ಇಟ್ಟು ತಿರುವಕೆ ಓದ್ರೆ ಕುಣೀತದೆ."

ಮುದ್ದೆಗೆ ಅಲ್ಲಿ ಹಿಟ್ಟು ಎನ್ನುತ್ತಾರೆ, ಅವರ ಬಾಯಲ್ಲಿ ಇಟ್ಟು. ಕುದಿಯುವ ಎಸರಿಗೆ ರಾಗಿಹಿಟ್ಟು ಸುರಿದು, ಅದು ಬೆಂದ ಮೇಲೆ ಕೋಲಿನಿಂದ ಮೈಭಾರ ಹಾಕಿ ತಿರುವಬೇಕು. ನಮ್ಮ ಒಲೆಗೆ ಇದ್ದದ್ದು ಮೂರು ಗಿಡ್ಡ ಕಾಲು, ತೂಕ ಒಂದು ಖಾಲಿ ಬಿಂದಿಗೆಯಷ್ಟು. ಅದನ್ನು ರೂಪಿಸಿದವರು ಮುದ್ದೆಯನ್ನು ಕಂಡವರಲ್ಲ. ಮಂಡ್ಯದಲ್ಲೇ ಹುಟ್ಟಿದ್ದ ನನಗಾದರೂ ಹೊಳೆಯಬೇಕಾಗಿತ್ತು, ಹೊಳೆದಿರಲಿಲ್ಲ.

ಅಕ್ಕ ನನ್ನನ್ನು ಹಿತ್ತಲಿನ ಅಡಿಗೆಮನೆಗೆ ಕರೆದುಕೊಂಡು ಹೋದರು. ಅಲ್ಲಿ ಒಲೆ ಕುತ್ತಿಗೆಯವರೆಗೆ ಮಣ್ಣಿನಲ್ಲಿ ಕೂತಿತ್ತು. ಹುತ್ತದ ಮಣ್ಣಿಗೆ ಬೂದಿ, ಕೊಚ್ಚಿದ ಹುಲ್ಲು ಸೇರಿಸಿ ತುಳಿದು, ಒಲೆಯ ಸುತ್ತ ಕಟ್ಟೆಯ ಹಾಗೆ ಕಟ್ಟಿ, ಸೌದೆ ಇಡುವ ಬಾಯಿಯೊಂದನ್ನು ಮಾತ್ರ ಬಿಟ್ಟಿದ್ದರು. ಮೇಲೆ ಸಗಣಿಯಿಂದ ಸಾರಿಸಿದ್ದರು.

"ಈಗ ಒದ್ರೂ ಅಲ್ಲಾಡಕಿಲ್ಲ" ಎಂದು ಅಕ್ಕ ಕಾಲಿನಿಂದ ಒದ್ದು ತೋರಿಸಿದರು. "ಒಗೆನೂ ಇಲ್ಲ, ಸೌದೆನೂ ಉಳೀತದೆ. ಎಲ್ಲಾರ ಮನೇಲೂ ಇಂಗೇ ಕಟ್ಕೊಡ್ತಾ ಇವ್ನಿ."

ಹದಿನಾಲ್ಕರಲ್ಲಿ ಹನ್ನೊಂದು ಮನೆಗೆ ಅವರೇ ಹೋಗಿ ಕಟ್ಟಿಕೊಟ್ಟಿದ್ದರು. ತಾನು ಮಾರಿದ ಸಾಮಾನು ಕೆಲಸ ಮಾಡಲೇಬೇಕು ಎಂಬ ಹಟ. ನಮ್ಮ ತರಬೇತಿಗಳಲ್ಲಿ ಉದ್ಯಮಶೀಲತೆ ಎಂದು ಬೋರ್ಡಿನ ಮೇಲೆ ಬರೆದು ಎರಡೆರಡು ದಿನ ಪಾಠ ಮಾಡುತ್ತಿದ್ದೆವು. ಅದನ್ನು ಕಣ್ಣಾರೆ ಕಂಡದ್ದು ನಾನು ಆ ಹಿತ್ತಲಿನಲ್ಲಿ.

ಖುಷಿಯಿಂದ ಫೋಟೋ ತೆಗೆದುಕೊಂಡು ಬಂದು ಕಚೇರಿಯಲ್ಲಿ ತೋರಿಸಿದೆ. ನಮ್ಮ ಮುಖ್ಯಸ್ಥರು ಒಳ್ಳೆಯವರು, ಆದರೆ ಕಂಪನಿಯ ಜೊತೆಗಿನ ಒಪ್ಪಂದದ ಒಂದಕ್ಷರವನ್ನೂ ಮೀರದ ಮನುಷ್ಯ. ಫೋಟೋ ನೋಡಿ ಹಣೆ ಒತ್ತಿಕೊಂಡರು. ಒಲೆಯ ಪಕ್ಕದಲ್ಲಿ ಬೆಂಕಿಪೊಟ್ಟಣದಷ್ಟು ಒಂದು ಯಂತ್ರವಿರುತ್ತಿತ್ತು. ದಿನಕ್ಕೆಷ್ಟು ಹೊತ್ತು ಒಲೆ ಉರಿಯಿತು ಎಂದು ಅದು ದಾಖಲಿಸಿಕೊಳ್ಳುತ್ತಿತ್ತು. ಮಣ್ಣು ಮೆತ್ತಿದರೆ ಅದು ಮುಚ್ಚಿಹೋಗುತ್ತದೆ. ಒಲೆಯ ರೂಪ ಬದಲಿಸುವಂತಿಲ್ಲ ಎಂದೂ ಒಪ್ಪಂದದಲ್ಲಿತ್ತು. ಮಣ್ಣು ಮೆತ್ತಿದ ಒಲೆ ಕಂಪನಿಯವರ ಪಾಲಿಗೆ ಲೆಕ್ಕಕ್ಕಿಲ್ಲದ ಒಲೆ.

"ಕೀಳಿಸಿಬಿಡಿ" ಎಂದರು.

ನಾನು ಅಕ್ಕನಿಗೆ ಅದನ್ನು ಹೇಳಲಿಲ್ಲ. ಹೇಳಲು ಮುಖವಿರಲಿಲ್ಲ. ಕಂಪನಿಯವರಿಗೂ ನಿಜ ತಿಳಿಸಲಿಲ್ಲ. ಪ್ರತಿ ತಿಂಗಳ ಫಾರಂನಲ್ಲಿ 'ಒಲೆ ಮೂಲ ಸ್ಥಿತಿಯಲ್ಲಿದೆ' ಎಂಬಲ್ಲಿ ಗುರುತು ಹಾಕುತ್ತಾ ಹೋದೆ. ಅಕ್ಕನಿಗೂ ತೊಂದರೆಯಿಲ್ಲ, ಕಚೇರಿಗೂ ತೊಂದರೆಯಿಲ್ಲ ಎಂದು ನನ್ನನ್ನು ನಾನೇ ಜಾಣೆ ಎಂದುಕೊಂಡೆ.

ಅಷ್ಟರಲ್ಲಿ ಕಂಪನಿಯ ದೇಶದಿಂದ ಇಬ್ಬರು ಬರುವ ಸುದ್ದಿ ಬಂತು. ಒಬ್ಬರು ಕಂಪನಿಯ ಪರವಾಗಿ ಒಲೆಗಳನ್ನು ನೋಡಿಕೊಳ್ಳುತ್ತಿದ್ದ ಹೆಂಗಸು, ಐವತ್ತು ದಾಟಿದವರು. ಇನ್ನೊಬ್ಬರು ನೆರವಿನ ಹಣ ಕೊಡುತ್ತಿದ್ದ ಕಚೇರಿಯ ಅಧಿಕಾರಿ. ಯೋಜನೆಯನ್ನು ಇನ್ನೂ ಮೂರು ಜಿಲ್ಲೆಗೆ ಹರಡಬೇಕೇ ಎಂದು ತೀರ್ಮಾನಿಸುವುದು ಅವರ ವರದಿ. ಒಂದು ಮಾದರಿ ಮನೆ ತೋರಿಸಬೇಕು ಎಂದರು ಮುಖ್ಯಸ್ಥರು. ನಾನು ಅಕ್ಕನ ಮನೆ ಎಂದೆ. ಅಕ್ಕನ ಹಾಗೆ ಮಾತಾಡುವವರು ಬೇರೆ ಯಾರೂ ಇರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಅವರನ್ನು ಆರಿಸಿದ್ದು ನಾನು ಎಂದು ತೋರಿಸಿಕೊಳ್ಳಬೇಕಿತ್ತು.

ಅವರು ಬರುವ ಹಿಂದಿನ ದಿನ ಬೆಳಿಗ್ಗೆಯೇ ಅಕ್ಕನ ಊರಿಗೆ ಹೋದೆ. ಅಕ್ಕ ಎಮ್ಮೆಗೆ ಹುಲ್ಲು ಹಾಕುತ್ತಿದ್ದರು.

"ಅಕ್ಕ, ಒಲೆ ಒಂದು ದಿನದ ಮಟ್ಟಿಗೆ ಮಣ್ಣಿನಿಂದ ತೆಗೀಬೇಕಲ್ಲ" ಎಂದೆ.

"ಯಾಕೆ?"

"ಅವರಿಗೆ ಒಲೆ ಪೂರ್ತಿ ಕಾಣಬೇಕಂತೆ. ಮೇಲಿರೋ ಹೆಸರು, ಆ ಮಷೀನು ಎಲ್ಲ."

"ಮಣ್ಣಲ್ಲಿ ಯಾಕೆ ಊತಿವ್ನಿ ಅಂತ ನಾನೇ ಯೋಳ್ತೀನಿ ಬುಡು. ನೀನು ಇಂಗ್ಲಿಸ್ನಲ್ಲಿ ಯೋಳು."

"ಅದು ಆಮೇಲೆ ಹೇಳೋಣ ಅಕ್ಕ. ನಾಳೆ ಒಂದು ದಿನ."

ಅಕ್ಕ ನನ್ನನ್ನೇ ನೋಡಿದರು. "ನಿನ್ ಕೆಲ್ಸಕ್ಕೆ ಏನಾರಾ ತೊಂದ್ರೆ ಆಯ್ತದಾ?"

ಇಲ್ಲ ಎನ್ನಬಹುದಿತ್ತು. ನಿಜವಾಗಿ ಅಂಥ ತೊಂದರೆಯೇನೂ ಇರಲಿಲ್ಲ. ಅಪ್ಪನ ಪಿಂಚಣಿ ಬರುತ್ತಿತ್ತು. ಈ ಕೆಲಸ ಹೋದರೆ ಊಟಕ್ಕೆ ಗತಿಯಿಲ್ಲದ ಸ್ಥಿತಿ ನಮ್ಮದಲ್ಲ. ಆದರೂ ಹೌದೆಂದು ತಲೆಯಾಡಿಸಿದೆ.

ಅತ್ತೆ ಕೀಳಬೇಡ ಎಂದರೂ ಅಕ್ಕ ಹಾರೆ ತಂದರು. ಗಟ್ಟಿಯಾಗಿ ಕಟ್ಟಿದ್ದ ಮಣ್ಣನ್ನು ಒಡೆಯಲು ಸುಮಾರು ಹೊತ್ತು ಹಿಡಿಯಿತು. ನಾನು ಪಕ್ಕದಲ್ಲಿ ಕೂತು ಕಿತ್ತ ಹೆಂಟೆಗಳನ್ನು ಮಂಕರಿಬುಟ್ಟಿಗೆ ತುಂಬಿದೆ. ಒಲೆಯನ್ನು ತೊಳೆದು, ಹುಣಸೆಹಣ್ಣಿನಿಂದ ತಿಕ್ಕಿ, ಹೊಸದರಂತೆ ಮಾಡಿದೆವು. ಮಗಳು ಕಾಲೇಜಿಗೆ ಹೊರಟವಳು ನಿಂತು ನೋಡಿ, "ಅವ್ವ, ಅಷ್ಟ್ ಕಷ್ಟಪಟ್ಟು ಕಟ್ಟಿದ್ದೆ" ಎಂದಳು. "ಓಗು, ಬಸ್ ತಪ್ಪೋಯ್ತದೆ" ಎಂದು ಅಕ್ಕ ಗದರಿದರು.

ಮಾರನೇ ದಿನ ಹನ್ನೊಂದರ ಹೊತ್ತಿಗೆ ಕಾರು ಬಂತು. ಹಿತ್ತಲಿನ ಅಡಿಗೆಮನೆ ಕತ್ತಲೆ, ಕ್ಯಾಮೆರಾಕ್ಕೆ ಬೆಳಕು ಸಾಲದು ಎಂದು ಒಲೆಯನ್ನು ಜಗಲಿಗೆ ತರಿಸಿದೆ. ಜಗಲಿಗೆ ನುಣ್ಣಗಿನ ಕೆಂಪು ಸಿಮೆಂಟು. ಆ ವಿದೇಶಿ ಹೆಂಗಸು ಚಪ್ಪಲಿ ಬಿಟ್ಟು, ಅತ್ತೆಗೆ ಕೈ ಮುಗಿದು, ಚಾಪೆಯ ಮೇಲೆ ಕೂತರು. ಅಧಿಕಾರಿ ನಿಂತೇ ಇದ್ದರು. ನನ್ನ ಇಂಗ್ಲಿಷು ಚೆನ್ನಾಗಿದೆ ಎಂದು ಆ ಹೆಂಗಸು ದಾರಿಯಲ್ಲೇ ಹೊಗಳಿದ್ದರು. ನನ್ನ ತಲೆ ಸ್ವಲ್ಪ ತಿರುಗಿತ್ತು.

ಅಕ್ಕ ಎಸರಿಟ್ಟರು. ಹಿಟ್ಟು ಸುರಿದರು. ಹಿಟ್ಟು ಬೆಂದ ಮೇಲೆ ಬಟ್ಟೆ ಹಿಡಿದು ಪಾತ್ರೆಯನ್ನು ಇಳಿಸಲು ಹೋದರು.

"ಕೆಳಗಿಟ್ಕಂಡು ತಿರುವ್ತೀನಿ ಕಣವ್ವ. ಇದ್ರ ಮ್ಯಾಲೆ ಬ್ಯಾಡ" ಎಂದು ನನಗೆ ಮಾತ್ರ ಕೇಳುವಂತೆ ಹೇಳಿದರು.

ಆ ಹೆಂಗಸು ಆಗಲೇ ಫೋನೆತ್ತಿ ವಿಡಿಯೋ ಶುರು ಮಾಡಿದ್ದರು. ಉರಿಯುವ ಒಲೆಯ ಮೇಲೆ ಮುದ್ದೆ ತಿರುವುವ ಚಿತ್ರ ಅವರಿಗೆ ಬೇಕಾಗಿತ್ತು. ಅವರೇನೂ ಹಾಗೆಂದು ಕೇಳಿರಲಿಲ್ಲ. ಅವರಿಗೆ ಅದು ಬೇಕು ಎಂದು ನಾನೇ ಅಂದುಕೊಂಡೆ.

"ಒಲೆ ಮೇಲೇ ತಿರುವಿ ಅಕ್ಕ. ಒಂದೇ ನಿಮಿಷ" ಎಂದೆ.

ಅಕ್ಕ ಎಡಗೈಯಲ್ಲಿ ಬಟ್ಟೆಯಿಂದ ಪಾತ್ರೆಯ ಅಂಚು ಹಿಡಿದು, ಬಲಗೈಯಲ್ಲಿ ಕೋಲು ಹಿಡಿದು ತಿರುವಿದರು. ಎರಡು ಸುತ್ತು ಆಯಿತು. ಮೂರನೆಯದಕ್ಕೆ ಮೈಭಾರ ಬಿಟ್ಟಾಗ ಒಲೆಯ ಒಂದು ಕಾಲು ಸಿಮೆಂಟಿನ ಮೇಲೆ ಜಾರಿತು. ಒಲೆ ಅವರ ಕಡೆಗೇ ವಾಲಿತು. ಕುದಿಯುವ ಹಿಟ್ಟು ಬಲಗೈ ಮೇಲೂ ಪಾದದ ಮೇಲೂ ಬಿತ್ತು. ನೀರಾಗಿದ್ದರೆ ಹರಿದುಹೋಗುತ್ತಿತ್ತು. ಹಿಟ್ಟು ಅಂಟಿಕೊಳ್ಳುತ್ತದೆ. ಅಕ್ಕ ಹಲ್ಲು ಕಚ್ಚಿಕೊಂಡು ಇನ್ನೊಂದು ಕೈಯಲ್ಲಿ ಅದನ್ನು ಬಳಿದು ತೆಗೆಯಲು ನೋಡಿದರು. ಅದರ ಜೊತೆ ಚರ್ಮವೂ ಬಂತು.

ನಾನು ಮರವಾಗಿ ನಿಂತುಬಿಟ್ಟೆ. ಆ ವಿದೇಶಿ ಹೆಂಗಸೇ ಫೋನೆಸೆದು ಎದ್ದು, ಬಿಂದಿಗೆಯ ನೀರನ್ನು ಅಕ್ಕನ ಕೈ ಮೇಲೆ ಸುರಿಯುತ್ತಾ ಕೂತರು. ಅತ್ತೆ ಗೋಡೆ ಹಿಡಿದುಕೊಂಡು, "ಕೀಳ್ಬ್ಯಾಡ ಅಂದೆ, ಕೀಳ್ಬ್ಯಾಡ ಅಂದೆ" ಎನ್ನುತ್ತಿದ್ದರು. ಅದನ್ನು ಇಂಗ್ಲಿಷಿಗೆ ಹೇಳುವವರು ಅಲ್ಲಿ ನನ್ನೊಬ್ಬಳನ್ನು ಬಿಟ್ಟರೆ ಯಾರೂ ಇರಲಿಲ್ಲ.

ಕಾರಿನಲ್ಲಿ ಅಕ್ಕನನ್ನು ದೊಡ್ಡಿಯ ಆಸ್ಪತ್ರೆಗೆ ಕರೆದುಕೊಂಡು ಹೊರಟೆವು. ಅಧಿಕಾರಿ ಮುಂದೆ ಕೂತಿದ್ದರು. ಹಿಂದೆ ಆ ಹೆಂಗಸು, ನಡುವೆ ಅಕ್ಕ, ಈ ಕಡೆ ನಾನು. ಅಕ್ಕನ ತಲೆ ನನ್ನ ಹೆಗಲ ಮೇಲಿತ್ತು. ಕಬ್ಬಿನ ಲಾರಿಗಳ ಹಿಂದೆ ಕಾರು ತೆವಳುತ್ತಿತ್ತು. ಅಧಿಕಾರಿ ತಿರುಗಿ ನನ್ನನ್ನು ಇಂಗ್ಲಿಷಿನಲ್ಲಿ ಕೇಳಿದರು: ಈ ಒಲೆ ಹೀಗೆ ಬೀಳುವುದು ಇದೇ ಮೊದಲೇ? ಬೇರೆ ಯಾರಾದರೂ ದೂರಿದ್ದಾರೆಯೇ?

ಅವರು ಗದರಿಸಿ ಕೇಳಲಿಲ್ಲ. ತಿಳಿದುಕೊಳ್ಳಲೆಂದೇ ಕೇಳಿದ್ದು. ಹೌದು, ಎಲ್ಲರೂ ದೂರಿದ್ದಾರೆ, ಈಕೆಯೇ ಅದಕ್ಕೊಂದು ದಾರಿ ಕಂಡುಕೊಂಡಿದ್ದಳು, ನಾನು ನಿನ್ನೆ ಅದನ್ನು ಕೀಳಿಸಿದೆ ಎನ್ನಲು ಅರ್ಧ ನಿಮಿಷ ಸಾಕಿತ್ತು.

ಇದೇ ಮೊದಲು ಎಂದೆ. ನಾವು ಹೇಳಿಕೊಟ್ಟ ರೀತಿಯಲ್ಲಿ ಆಕೆ ಒಲೆಯನ್ನು ಇಟ್ಟಿರಲಿಲ್ಲ ಎಂದೆ. ವ್ಯಾಕರಣ ಒಂದು ಕಡೆಯೂ ತಪ್ಪಲಿಲ್ಲ.

ಅಕ್ಕ ಕಣ್ಣು ಮುಚ್ಚಿಕೊಂಡೇ, "ಏನ್ ಕೇಳ್ತಾವ್ರೆ?" ಎಂದರು.

"ತುಂಬ ನೋವಾಗ್ತಿದೆಯಾ ಅಂತ ಕೇಳ್ತಿದ್ದಾರೆ ಅಕ್ಕ."

"ಮಣ್ಣಲ್ಲಿ ಊಣ ಇಸ್ಯ ಯೋಳು ಅವ್ರಿಗೆ. ಇನ್ನೊಬ್ರು ಯಾರೂ ಇಂಗೆ ಸುಟ್ಕೊಬಾರ್ದು."

"ಹೇಳ್ತೀನಿ" ಎಂದೆ.

ಹೇಳಲಿಲ್ಲ. ಆ ಮಾತು ನನ್ನ ಭುಜದ ಮೇಲೆ ತಲೆಯಿಟ್ಟವರು ನನ್ನನ್ನು ನಂಬಿ ಆಡಿದ್ದು.

ಗಾಯ ಮಾಯಲು ತಿಂಗಳುಗಳೇ ಹಿಡಿದವು. ಆಸ್ಪತ್ರೆಯ ಖರ್ಚನ್ನು ಸಂಸ್ಥೆ ನೋಡಿಕೊಂಡಿತು. ಆದರೆ ಬಲಗೈಯ ಎರಡು ಬೆರಳು ಮಡಿಚಿಕೊಂಡು ಹಾಗೇ ನಿಂತುಬಿಟ್ಟವು. ಕುಡುಗೋಲು ಹಿಡಿಯಲು, ಮಣ್ಣು ಕಲಸಲು, ಹಿಟ್ಟು ತಿರುವಲು ಆಗುತ್ತಿರಲಿಲ್ಲ. ಗಂಡ ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಹಿಟ್ಟು ತಿರುವಿಟ್ಟು ಸೋಮನಹಳ್ಳಿಯ ಬಸ್ಸು ಹಿಡಿಯುತ್ತಿದ್ದರು. ಮೊದಲ ವಾರ ಗಂಟುಗಂಟಾಗಿತ್ತಂತೆ. ಅಕ್ಕ ಪಕ್ಕದಲ್ಲಿ ಕೂತು ಹೇಳಿಕೊಡುತ್ತಾ ಕಲಿಸಿದರಂತೆ.

ಅಪಘಾತದ ಫಾರಂ ತುಂಬಿದ್ದೂ ನಾನೇ. ಕಾರಣ ಎಂಬಲ್ಲಿ 'ಬಳಕೆದಾರರ ಅಜಾಗರೂಕತೆ' ಎಂದು ಬರೆದೆ. ಮುಖ್ಯಸ್ಥರು ಅದನ್ನು ಓದಿ, ಒಂದು ಗಳಿಗೆ ನನ್ನ ಮುಖ ನೋಡಿ, ಸಹಿ ಹಾಕಿದರು. ಯೋಜನೆ ಮೂರು ಜಿಲ್ಲೆಗೂ ಹರಡಿತು. ಕಂಪನಿ ಮುನ್ನೆಚ್ಚರಿಕೆಯ ಕರಪತ್ರವೊಂದನ್ನು ಕಳಿಸಿತು. ಕನ್ನಡಕ್ಕೆ ಮಾಡಿದವಳು ನಾನು: 'ಈ ಒಲೆಯ ಮೇಲೆ ಗಟ್ಟಿಯಾದ ಆಹಾರವನ್ನು ಬಲವಾಗಿ ತಿರುವಬಾರದು.' ಅಕ್ಕನ ಓಣಿಯ ಹೆಂಗಸೊಬ್ಬರು ಅದನ್ನು ಓದಿಸಿಕೊಂಡು ಕೇಳಿ, "ಇಟ್ಟು ತಿರುವ್ಬಾರ್ದು ಅಂದ್ಮೇಲೆ ಒಲೆ ಯಾಕೆ ಕೊಟ್ರಿ? ಚಳಿ ಕಾಯ್ಸಕಾ?" ಎಂದರು. ಸುತ್ತಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆ ಮೂರು ಜಿಲ್ಲೆಗಳಲ್ಲಿ ಇನ್ನೆಷ್ಟು ಹೆಂಗಸರು ಸುಟ್ಟುಕೊಂಡರೋ ನನಗೆ ಗೊತ್ತಿಲ್ಲ. ನಮ್ಮ ಫಾರಂಗಳಲ್ಲಿ ಅದನ್ನು ಕೇಳುವ ಜಾಗವಿರಲಿಲ್ಲ. ಇರಬೇಕು ಎಂದು ನಾನೂ ಹೇಳಲಿಲ್ಲ.

ಅಕ್ಕನ ಮನೆಗೆ ಪ್ರತಿ ತಿಂಗಳೂ ಹೋಗುತ್ತಲೇ ಇದ್ದೆ. ಬಿಟ್ಟರೆ ಅನುಮಾನ ಬಂದೀತು ಎಂಬ ಭಯ ಒಂದು ಕಡೆ, ನೋಡದೆ ಇರಲಾಗದು ಎಂಬುದು ಇನ್ನೊಂದು ಕಡೆ. ಕಿತ್ತಳೆಹಣ್ಣು, ಹಾರ್ಲಿಕ್ಸು ತೆಗೆದುಕೊಂಡು ಹೋಗುತ್ತಿದ್ದೆ. ಅವರು ಎಡಗೈಯಲ್ಲಿ ಮಜ್ಜಿಗೆ ಲೋಟ ಕೊಡುತ್ತಿದ್ದರು. "ಎಡಗೈಲಿ ಕೊಡ್ತಾ ಇವ್ನಿ, ಏನೂ ಅನ್ಕೋಬ್ಯಾಡ" ಎನ್ನುತ್ತಿದ್ದರು. ಮೊದಲಿನಷ್ಟು ಮಾತಿರಲಿಲ್ಲ. ನೋವಿಗಿರಬೇಕು ಎಂದುಕೊಂಡಿದ್ದೆ.

ಒಂದು ವರ್ಷದ ಮೇಲೆ ನನಗೆ ಬಡ್ತಿ ಬಂತು. ಮೈಸೂರಿನಲ್ಲಿ ನಡೆದ ಸಭೆಯೊಂದರಲ್ಲಿ ಒಲೆ ಯೋಜನೆಯ ಬಗ್ಗೆ ಮಾತಾಡಲು ನನ್ನನ್ನು ಕರೆದಿದ್ದರು. ಅಲ್ಲಿ ಪರದೆಯ ಮೇಲೆ ಕಂಪನಿಯವರು ಕಳಿಸಿದ ಚಿತ್ರಗಳನ್ನು ತೋರಿಸಿದರು. ಅದರಲ್ಲೊಂದು ಅಕ್ಕನದು. ಜಗಲಿಯ ಮೇಲೆ, ಬಲಗೈಯಲ್ಲಿ ಕೋಲು ಹಿಡಿದು, ಎರಡನೇ ಸುತ್ತು ತಿರುವುತ್ತಿರುವುದು. ವಿಡಿಯೋದಿಂದ ತೆಗೆದ ಚಿತ್ರವಿರಬೇಕು. ಬೆರಳೆಲ್ಲ ನೆಟ್ಟಗಿದ್ದವು. ಜನ ಚಪ್ಪಾಳೆ ತಟ್ಟಿದರು. ನನ್ನ ಸರದಿ ಬಂದಾಗ ಎದ್ದು, ಬರೆದುಕೊಂಡು ಹೋಗಿದ್ದನ್ನೆಲ್ಲ ಓದಿ ಕೂತೆ. ಅಲ್ಲಿಯೂ ಹೇಳಲಿಲ್ಲ. ಧೈರ್ಯ ಬಂತೆಂದು ಬರೆಯಬಹುದಾದ ಜಾಗ ಇದು. ಬರಲಿಲ್ಲ.

ಮಾರನೇ ದಿನ ಬಸ್ಸು ಹತ್ತಿ ಅಕ್ಕನ ಮನೆಗೆ ಹೋದೆ. ಭಾನುವಾರ. ಅಕ್ಕ, ಮಗಳು ಇಬ್ಬರೂ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ನಾನು ಕೂತವಳೇ, ಕಾರಿನಲ್ಲಿ ಆಡಿದ ಮಾತು, ಫಾರಂನಲ್ಲಿ ಬರೆದದ್ದು, ಎಲ್ಲವನ್ನೂ ಹೇಳಿದೆ. ಅಕ್ಕ ಸುಲಿಯುವುದನ್ನು ನಿಲ್ಲಿಸಲಿಲ್ಲ. ನಾನು ಮುಗಿಸಿದ ಮೇಲೆ ಮಗಳಿಗೆ, "ಆ ಕಾರ್ಡ್ ತಕ್ಕಂಬಾ" ಎಂದರು.

ಮಗಳು ಒಳಗಿನಿಂದ ಒಂದು ಕಾರ್ಡು ತಂದು ನನ್ನ ಕೈಗಿಟ್ಟಳು. ಮೇಲೆ ಹಳದಿ ಹೂವುಗಳ ಚಿತ್ರ, ಹೊರದೇಶದ ಅಂಚೆಚೀಟಿಯ ಲಕೋಟೆ. ಒಳಗೆ ಆ ವಿದೇಶಿ ಹೆಂಗಸಿನ ಕೈಬರಹ. ಬೇಗ ಗುಣವಾಗಲಿ ಎಂದು ಹಾರೈಸಿದ್ದರು. ಒಲೆಯನ್ನು ಹೇಳಿಕೊಟ್ಟಂತೆ ಇಟ್ಟಿರಲಿಲ್ಲವೆಂದು ನಿಮ್ಮ ಸಂಯೋಜಕಿ ತಿಳಿಸಿದರು, ದಯವಿಟ್ಟು ಇನ್ನು ಮುಂದೆ ಅವರ ಮಾತು ಕೇಳಿ ಎಂದು ಬರೆದಿದ್ದರು. ಅಪಘಾತವಾದ ಮುಂದಿನ ತಿಂಗಳೇ ಬಂದ ಕಾರ್ಡು ಅದು. ಮಗಳು ಅಂದೇ ಓದಿ ಹೇಳಿದ್ದಳು.

ಅಂದರೆ ನಾನು ಹಣ್ಣು ಹಿಡಿದುಕೊಂಡು ಬಂದು ಮಜ್ಜಿಗೆ ಕುಡಿದು ಹೋದ ಅಷ್ಟೂ ತಿಂಗಳು ಅವರಿಗೆ ಗೊತ್ತಿತ್ತು.

"ಯಾಕಕ್ಕ ಕೇಳಲಿಲ್ಲ ನೀವು?" ಎಂದೆ.

"ನೀನೇ ಯೋಳ್ತೀಯ ಅಂತ ನೋಡ್ತಿದ್ದೆ. ಒಂದೈದಾರ್ ತಿಂಗ್ಳು ನೋಡ್ದೆ. ಆಮೇಲೆ ನೋಡದ ಬುಟ್ಟೆ."

"ತಪ್ಪಾಯ್ತು ಅಕ್ಕ."

"ತಪ್ಪಾಗದೇನು, ಎಲ್ಲಾರ್ಗೂ ಆಯ್ತದೆ. ಅತ್ತೆ ಬ್ಯಾಡ ಅಂದ್ರೂ ಒಲೆ ಕಿತ್ಕೊಟ್ಟೋಳು ನಾನು, ನಂದೂ ಅದೆ. ಆದ್ರೆ ನಂಗೆ ಇಂಗ್ಲಿಸು ಬರದಿಲ್ಲ ಅಂತ ತಾನೆ ನೀನು ನನ್ ಮುಂದೇನೇ ನನ್ ಮ್ಯಾಲೆ ಯೋಳಿದ್ದು? ಅದ್ಯಾಕೋ ಇನ್ನೂ ಇಳೀತಾ ಇಲ್ಲ ಕಣವ್ವ."

ನನಗೆ ಅಳು ಬಂತು. ಅಕ್ಕ ಸಮಾಧಾನ ಮಾಡಲಿಲ್ಲ. ಅಳುವಷ್ಟು ಹೊತ್ತು ಬಿಟ್ಟು, ಆಮೇಲೆ ಮಗಳ ಕಡೆ ತಿರುಗಿ, "ಪುಸ್ತಕ ಪೆನ್ನು ಕೊಡು" ಎಂದರು.

"ಈಗ ನೀನೇ ಬರಿ ಆ ಕಾರ್ಡ್ ಕಳ್ಸಿದೋಳ್ಗೆ. ಇಂಗ್ಲಿಸ್ನಲ್ಲಿ ಬರಿ. ಕಳ್ಸಕೆ ಮುಂಚೆ ಇವ್ಳು ಓದಿ ನಂಗೆ ಯೋಳ್ತಾಳೆ" ಎಂದು ನನಗೆ ಹೇಳಿದರು.

ಜಗಲಿಯ ಮೇಲೆಯೇ ಕೂತು ಬರೆದೆ. ಮಗಳು ಒಂದೊಂದು ಸಾಲನ್ನೂ ಕನ್ನಡ ಮಾಡಿ ಅವ್ವನಿಗೆ ಹೇಳಿದಳು. ಮೊದಲ ಸಲ ನಾನು ನನ್ನ ತಪ್ಪು, ನನ್ನ ಪಶ್ಚಾತ್ತಾಪ ಎಂದು ಒಂದು ಪುಟ ಬರೆದಿದ್ದೆ. ಅಕ್ಕ ಕೇಳಿ, "ನಿನ್ ಸಂಕ್ಟ ಎರಡ್ ಸಾಲು ಸಾಕು. ಮಣ್ಣಿನ ಇಸ್ಯ ಎಲ್ಲಿ?" ಎಂದರು. ಎರಡನೇ ಸಲ ಮಣ್ಣು ಎಂದಷ್ಟೇ ಬರೆದರೆ ಅದೂ ಆಗಲಿಲ್ಲ. ಹುತ್ತದ ಮಣ್ಣು, ಅದಕ್ಕೆ ಎಷ್ಟು ಬೂದಿ, ಹುಲ್ಲನ್ನು ಎಷ್ಟು ಸಣ್ಣಗೆ ಕೊಚ್ಚಬೇಕು, ಎಷ್ಟು ದಿನ ಒಣಗಿಸಿ ಆಮೇಲೆ ಬೆಂಕಿ ಹಚ್ಚಬೇಕು, ಆ ಯಂತ್ರ ಮುಚ್ಚದಂತೆ ಪಕ್ಕದಲ್ಲಿ ಹೇಗೆ ಸಂದು ಬಿಡಬಹುದು, ಎಲ್ಲ ಹೇಳಿ ಬರೆಸಿದರು. ಯಂತ್ರಕ್ಕೆ ಸಂದು ಬಿಡುವ ಉಪಾಯವನ್ನು ನಾನು ಅಂದೇ ಕೇಳಿದ್ದರೆ ಅಂದೇ ಹೇಳುತ್ತಿದ್ದರು. ನಾನು ಕೇಳಿಯೇ ಇರಲಿಲ್ಲ.

ಕಾಗದ ಹೋಯಿತು. ಒಂದು ಪ್ರತಿಯನ್ನು ಕಚೇರಿಗೂ ಕೊಟ್ಟೆ. ಮುಖ್ಯಸ್ಥರು ಬಾಗಿಲು ಹಾಕಿಕೊಂಡು ಒಂದು ಗಂಟೆ ಮಾತಾಡಿದರು. ಕೂಗಾಡಲಿಲ್ಲ. ನನ್ನೊಬ್ಬಳದೇ ಅಲ್ಲ, ಕಚೇರಿಯ ಹನ್ನೆರಡು ಜನರ ಕೆಲಸಕ್ಕೆ ಕುತ್ತು ತಂದಿದ್ದೇನೆ ಎಂದರು. ಅದು ಸುಳ್ಳಲ್ಲ. ಆ ತಿಂಗಳ ಕೊನೆಗೆ ನಾನು ಕೆಲಸ ಬಿಟ್ಟೆ.

ಆ ಹೆಂಗಸಿನ ಉತ್ತರ ಬರಲು ಬಹಳ ದಿನವಾಯಿತು. ಅವರು ಆ ಕಂಪನಿಯನ್ನು ಬಿಟ್ಟಿದ್ದರು. ಕಾಗದವನ್ನು ಈಗಿರುವವರಿಗೆ ಕಳಿಸಿರುವುದಾಗಿಯೂ, ಅಂದು ಅಕ್ಕನ ಅತ್ತೆ ಗೋಡೆ ಹಿಡಿದುಕೊಂಡು ಏನು ಹೇಳುತ್ತಿದ್ದರೆಂದು ಆಗಲೇ ಕೇಳಬೇಕಿತ್ತು ಎಂದು ತಮಗೆ ಈಗ ಅನ್ನಿಸುತ್ತಿರುವುದಾಗಿಯೂ ಬರೆದಿದ್ದರು. ಈಗಿರುವವರಿಂದ ಎರಡು ಸಾಲಿನ ಇ-ಮೇಲ್ ಬಂತು. ನಮ್ಮ ಅನಿಸಿಕೆ ಅಮೂಲ್ಯವಂತೆ. ಅಷ್ಟರಲ್ಲಿ ಮನೆಮನೆಗೆ ಗ್ಯಾಸು ಬರತೊಡಗಿತ್ತು. ಕಂಪನಿ ಇಲ್ಲಿ ಒಲೆ ನಿಲ್ಲಿಸಿ, ಬೇರೆ ಖಂಡದಲ್ಲಿ ಸೋಲಾರ್ ದೀಪ ಮಾರಲು ಹೋಗಿತ್ತು.

ನಾನು ಪಶ್ಚಾತ್ತಾಪದಿಂದ ಬೇರೆ ದಾರಿ ಹಿಡಿದೆ ಎಂದರೆ ಅದೂ ಸುಳ್ಳಾಗುತ್ತದೆ. ಬೇರೆ ಕೆಲಸ ನನಗೆ ಗೊತ್ತಿರಲಿಲ್ಲ. ಈಗ ಮಳವಳ್ಳಿಯಲ್ಲಿ ಅಂಥದ್ದೇ ಇನ್ನೊಂದು ಸಂಸ್ಥೆಯಲ್ಲಿದ್ದೇನೆ. ಇತ್ತೀಚೆಗೆ ಮಳವಳ್ಳಿ ಬಸ್ ನಿಲ್ದಾಣದಲ್ಲಿ ಅಕ್ಕ ಸಿಕ್ಕರು. ಚಿಕ್ಕರಸಿನಕೆರೆಯ ದೇವಸ್ಥಾನಕ್ಕೆ ಹೊರಟಿದ್ದರು. ಮಗಳು ನರ್ಸಿಂಗ್ ಮುಗಿಸಿದಳಂತೆ. ಅತ್ತೆ ತೀರಿಕೊಂಡರಂತೆ. ಆಮೇಲೆ ನನ್ನ ಕೊರಳಲ್ಲಿದ್ದ ಗುರುತಿನ ಚೀಟಿ ನೋಡಿ ಕೇಳಿದರು:

"ಈಗ ಏನ್ ಅಂಚ್ತಾ ಇದ್ದೀಯವ್ವ?"

"ನೀರು ಸೋಸೋ ಫಿಲ್ಟರು ಅಕ್ಕ."

"ನಿಮ್ಮನೇಲಿ ಇಟ್ಕೊಂಡಿದ್ದೀಯ?"

ಇಲ್ಲ ಎಂದೆ. ಬಸ್ಸು ಬಂತು. ಎಡಗೈಯಲ್ಲಿ ಕಂಬಿ ಹಿಡಿದು ಹತ್ತಿದರು. ನಾನು ಚೀಲ ಎತ್ತಿಕೊಡಲು ಕೈ ಚಾಚುವಷ್ಟರಲ್ಲಿ ಅವರೇ ಅದನ್ನು ಮೊಣಕೈಗೆ ಸಿಕ್ಕಿಸಿಕೊಂಡಿದ್ದರು.

ಆ ವಾರವೇ ಒಂದು ಫಿಲ್ಟರನ್ನು ಮಂಡ್ಯದ ಮನೆಗೆ ತಂದಿಟ್ಟೆ. ಒಂದು ಬಿಂದಿಗೆ ನೀರು ಸೋಸಲು ಅರ್ಧ ದಿನ ಬೇಕು. ಎಂಟನೇ ದಿನಕ್ಕೆ ಅಮ್ಮ ಅದನ್ನು ಮೂಲೆಗೆ ತಳ್ಳಿ ಮೊದಲಿನಂತೆ ನೀರು ಕಾಯಿಸಿಕೊಳ್ಳತೊಡಗಿದರು. ತಿಂಗಳ ವರದಿಯಲ್ಲಿ ಮೊದಲ ಮನೆಯಾಗಿ ನಮ್ಮ ಮನೆಯನ್ನೇ ಬರೆದೆ. ಬಳಕೆ ಎಂಬಲ್ಲಿ ಮೊದಲು 'ಅಪರೂಪಕ್ಕೆ' ಎಂದು ಬರೆದಿದ್ದೆ. ಆಮೇಲೆ ಹೊಡೆದುಹಾಕಿ 'ಇಲ್ಲ' ಎಂದು ಬರೆದೆ.